ಗೌಡರಿಗೆ 84, ಅಪ್ಪನಿಗೆ 53: ಒಂದೇ ಊರಲ್ಲಿ ಆಯುಷ್ಯ ಎರಡಾಗುವುದೇಕೆ?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಅಪ್ಪ ಮೊದಲು ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದರು, ಆಮೇಲೆ ಗೌಡರ ಹೊಲದಲ್ಲಿ ಕೂಲಿ, ಬೇಸಿಗೆಯಲ್ಲಿ ಪುಣೆಗೆ ಗುಳೆ. ಕಳೆದ ವರ್ಷ 53ನೇ ವಯಸ್ಸಿಗೆ ಹೃದಯಾಘಾತವಾಗಿ ತೀರಿಕೊಂಡರು. ರಾತ್ರಿ ಎದೆನೋವು ಬಂದಾಗ ಗ್ಯಾಸ್ ಎಂದುಕೊಂಡು ಊರಿನ ಆರ್‌ಎಂಪಿ ಡಾಕ್ಟರ ಕಡೆ ಸೂಜಿ ಮಾಡಿಸಿದೆವು. ಬೆಳಗ್ಗೆ ಕಲಬುರಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅಲ್ಲಿಯ ಡಾಕ್ಟರು, ‘ತಂಬಾಕು ತಿಂದು ತಿಂದು ತಾನೇ ಸತ್ತಾನ’ ಎಂದರು. ಅದೇ ಊರಿನ ಗೌಡರಿಗೆ ಈಗ 84. ಜೀವಮಾನವಿಡೀ ಬೀಡಿ ಸೇದಿದವರು. ಅವರಿಗೂ ಹಿಂದೆ ಹೃದಯದ ತೊಂದರೆ ಆಗಿ ಹೈದರಾಬಾದಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದರು. ಒಂದೇ ಊರು, ಒಂದೇ ಗಾಳಿ, ಒಂದೇ ನೀರು. ತಪ್ಪು ಅಪ್ಪನದೋ, ಬಡತನದ್ದೋ? ನನಗೆ 29 ವರ್ಷ, ನಮ್ಮ ಭಾಗದವರಿಗೆಂದು ಇರುವ 371(ಜೆ) ಮೀಸಲಾತಿಯಲ್ಲಿ ಸರಕಾರಿ ನೌಕರಿ ಸಿಕ್ಕಿದೆ. ನಾನು ಪಾರಾದೆ ಎಂದುಕೊಳ್ಳಬಹುದೇ? ತಂಗಿ ಐದು ತಿಂಗಳ ಗರ್ಭಿಣಿ, ಅವಳ ಬಗ್ಗೆಯೂ ಹೆದರಿಕೆ ಇದೆ.

ಉತ್ತರ:

ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಆ ಡಾಕ್ಟರ ಮಾತು ಎಂದು ಕಾಣುತ್ತದೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ. ತಂಬಾಕು ಹೃದಯಕ್ಕೆ ವಿಷ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಅಪ್ಪನ ರಕ್ತನಾಳಗಳನ್ನು ಅದು ಕೆಡಿಸಿರಬಹುದು. ಆದರೆ ಗೌಡರ ರಕ್ತನಾಳಗಳನ್ನೂ ಕೆಡಿಸಿತ್ತಲ್ಲ, ಇಲ್ಲದಿದ್ದರೆ ಅವರಿಗೆ ಸ್ಟೆಂಟ್ ಯಾಕೆ ಬೇಕಾಗುತ್ತಿತ್ತು? ಇಬ್ಬರಿಗೂ ಚಟವಿತ್ತು, ಇಬ್ಬರಿಗೂ ಒಂದೇ ಕಾಯಿಲೆ ಬಂತು. ಒಬ್ಬರು ಉಳಿದರು, ಒಬ್ಬರು ಉಳಿಯಲಿಲ್ಲ. ಈ ವ್ಯತ್ಯಾಸದ ಹೊಣೆಯನ್ನು ತಂಬಾಕಿನ ಮೇಲೆ ಹೊರಿಸಲು ಬರುವುದಿಲ್ಲ. ತಂದೆಯ ಹೆಣದ ಪಕ್ಕ ನಿಂತ ಮಗನಿಗೆ ಅಂಥ ಮಾತು ಹೇಳಬಾರದಿತ್ತು. ವೈದ್ಯಶಾಸ್ತ್ರದ ಲೆಕ್ಕದಲ್ಲೂ ಅದು ಸರಿಯಲ್ಲ.

ಸರಿಯಲ್ಲ ಎನ್ನುವುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 50 ನಗರಗಳ 89 ಆಸ್ಪತ್ರೆಗಳಲ್ಲಿ ಹೃದಯಾಘಾತದಂಥ ತುರ್ತು ತೊಂದರೆಯಿಂದ ದಾಖಲಾದ ಸುಮಾರು 21,000 ಜನರ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ದಾಖಲಾದ 30 ದಿನಗಳೊಳಗೆ ಶ್ರೀಮಂತ ರೋಗಿಗಳಲ್ಲಿ ನೂರಕ್ಕೆ 5.5 ಮಂದಿ ಸತ್ತಿದ್ದರೆ, ಬಡವರಲ್ಲಿ ಸತ್ತವರು ನೂರಕ್ಕೆ 8.2 ಮಂದಿ. ಬಡವರಿಗೆ ಚಟ ಹೆಚ್ಚು, ಕಾಯಿಲೆ ಹೆಚ್ಚು, ಅದಕ್ಕೇ ಸಾಯುತ್ತಾರೆ ಎನ್ನಬಹುದೇ? ಅವರು ಅದನ್ನೂ ಲೆಕ್ಕ ಹಾಕಿ ನೋಡಿದರು. ಚಟ, ವಯಸ್ಸು, ಹಳೆಯ ಕಾಯಿಲೆ ಎಲ್ಲ ಸರಿದೂಗಿಸಿದರೂ ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿ ನೋಡಿದಾಗ ಮಾತ್ರ ಅಂತರ ಅಳಿಸಿಹೋಯಿತು. ಎಂದರೆ, ಬಡ ರೋಗಿಗೂ ಶ್ರೀಮಂತ ರೋಗಿಗೆ ಸಿಕ್ಕ ಔಷಧ ಮತ್ತು ಆರೈಕೆ ಸಿಕ್ಕಿದ್ದರೆ ಅವನೂ ಅಷ್ಟೇ ಬದುಕುತ್ತಿದ್ದ. ಇದು ಆಸ್ಪತ್ರೆ ತಲುಪಿದವರ ಲೆಕ್ಕ ಮಾತ್ರ. ನಿಮ್ಮ ಅಪ್ಪನಂತೆ ದಾರಿಯಲ್ಲೇ ಹೋದವರು ಇಂಥ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ.

ಹಾಗಾದರೆ ಆ ರಾತ್ರಿ ಏನಾಯಿತು? ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಮೊದಲ ಎರಡು ಮೂರು ತಾಸಿನಲ್ಲಿ ಕೊಟ್ಟರೆ ಅದರ ಲಾಭ ಬಹಳ. ತಾಸು ಕಳೆದಂತೆ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲೇ ಅರ್ಧದಷ್ಟು ರೋಗಿಗಳು ಆಸ್ಪತ್ರೆ ಮುಟ್ಟಲು ಆರು ತಾಸು ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರು. ನಮ್ಮ ಹಳ್ಳಿಗಳಲ್ಲಿ ಈ ತಡ ಹೇಗೆ ಆಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎದೆ ಹಿಡಿದುಕೊಂಡವನೇ, ‘ಈಗ ಕಲಬುರಗಿಗಿ ಹೋದ್ರ ನಾಳಿ ಕೂಲಿ ಹೋಗ್ತದ, ಮುಂಜಾನಿ ನೋಡಮು’ ಎನ್ನುತ್ತಾನೆ. ಮನೆಯಲ್ಲಿ ಇರುವ ದುಡ್ಡೆಷ್ಟು ಎಂದು ಅವನಿಗೆ ಗೊತ್ತಿರುತ್ತದೆ. ರಾತ್ರಿ ಜೀಪಿನವನು ಕೇಳುವ ಬಾಡಿಗೆ ಗೊತ್ತಿರುತ್ತದೆ. ಹೋದಲ್ಲಿ ಯಾರೂ ಮಾತಾಡಿಸದೆ ಚೀಟಿ ಹಿಡಿದು ನಿಲ್ಲುವ ಅನುಭವವೂ ಹಿಂದೆ ಆಗಿರುತ್ತದೆ. ಊರಿನ ಆರ್‌ಎಂಪಿ ಮಾತ್ರ ಕರೆದಾಗ ಬರುತ್ತಾನೆ, ಉದ್ರಿ ಕೊಡುತ್ತಾನೆ, ಹೆಸರು ಹಿಡಿದು ಮಾತಾಡಿಸುತ್ತಾನೆ. ಇಸಿಜಿ ಯಂತ್ರ ಅವನ ಹತ್ತಿರ ಇಲ್ಲ, ಅಷ್ಟೇ. ನೀವು ಸೂಜಿ ಮಾಡಿಸಿದ್ದು ಅಜ್ಞಾನದಿಂದಲ್ಲ. ಆ ಹೊತ್ತಿಗೆ ನಿಮ್ಮ ಕೈಗೆ ಎಟುಕಿದ ವೈದ್ಯ ಅವನೊಬ್ಬನೇ. ಈ ಭಾರವನ್ನು ಮನಸ್ಸಿನಿಂದ ಇಳಿಸಿಬಿಡಿ.

ಗೌಡರ ಮನೆಯಲ್ಲಿ ಕಾರು ಇತ್ತು, ಹೈದರಾಬಾದಿನಲ್ಲಿ ಪರಿಚಯದವರಿದ್ದರು, ಮುಂಗಡ ಕಟ್ಟಲು ಹಣವಿತ್ತು ಎಂದು ಊಹಿಸುತ್ತೇನೆ. ವೇಲ್ಸ್‌ನ ಗಣಿ ಕಾರ್ಮಿಕರ ನಡುವೆ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ನಿಯಮದಂತೆ ಬರೆದಿಟ್ಟರು: ಒಳ್ಳೆಯ ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ಸೇವೆಯನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಹೆಚ್ಚುತ್ತದೆ. ವೇಲ್ಸ್ ಅನ್ನು ನೋಡದಿದ್ದರೂ, ಕಲಬುರಗಿ, ಯಾದಗಿರಿಯ ಹಳ್ಳಿ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಆದರೆ ಆ ಒಂದು ರಾತ್ರಿಯ ಕಥೆಯಿಂದಷ್ಟೇ ಉತ್ತರ ಪೂರ್ತಿಯಾಗುವುದಿಲ್ಲ. ಎದೆನೋವು 53ಕ್ಕೇ ಯಾಕೆ ಬಂತು? ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇಗ ಬರುತ್ತದೆ ಎಂಬುದು ನಿಜ. ಅನೇಕ ದೇಶಗಳನ್ನು ಒಳಗೊಂಡು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಆಘಾತವಾದವರಲ್ಲಿ ಅರ್ಧದಷ್ಟು ಜನರಿಗೆ ಅದು ನಮ್ಮಲ್ಲಿ 53ರೊಳಗೇ ಆಗಿತ್ತು, ಉಳಿದ ಕಡೆ ಸುಮಾರು 59ರೊಳಗೆ. ಆದರೆ ನಮ್ಮೊಳಗೂ ಎಲ್ಲರ ಪಾಡು ಒಂದೇ ಅಲ್ಲ. ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು.

ಲಂಡನ್ನಿನ ವೈಟ್‌ಹಾಲ್‌ನ ಸರಕಾರಿ ಕಚೇರಿಗಳ 17,000ಕ್ಕೂ ಹೆಚ್ಚು ಪುರುಷ ನೌಕರರ ಆರೋಗ್ಯವನ್ನು 1967ರಿಂದ ಗಮನಿಸುತ್ತಾ ಬಂದರು. ಇವರಲ್ಲಿ ಯಾರೂ ಕಡುಬಡವರಲ್ಲ. ಎಲ್ಲರಿಗೂ ಕಾಯಂ ನೌಕರಿ, ಪಿಂಚಣಿ, ದೇಶದ ಉಚಿತ ವೈದ್ಯಕೀಯ ಸೇವೆ. ಆದರೂ ಅತಿ ಕೆಳದರ್ಜೆಯ ನೌಕರರ ಸಾವಿನ ಪ್ರಮಾಣ ಅತಿ ಮೇಲಿನ ಅಧಿಕಾರಿಗಳ ಸುಮಾರು ಮೂರು ಪಟ್ಟಿತ್ತು. ನಡುವಿನವರದು ನಡುವೆ. ಮೆಟ್ಟಿಲು ಹತ್ತಿದಷ್ಟೂ ಆಯುಷ್ಯ ಹೆಚ್ಚು, ಇಳಿದಷ್ಟೂ ಕಡಿಮೆ. ಎರಡನೇ ಮೆಟ್ಟಿಲಿನವನು ಮೊದಲನೆಯವನಿಗಿಂತ ಬೇಗ ಸಾಯುತ್ತಿದ್ದ, ಅವನೇನೂ ಬಡವನಲ್ಲದಿದ್ದರೂ. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಸೇರಿಸಿದರೂ ಈ ಅಂತರದ ಅರ್ಧಕ್ಕಿಂತ ಕಡಿಮೆ ಭಾಗಕ್ಕಷ್ಟೇ ಕಾರಣ ಸಿಕ್ಕಿತು. ಸಿಗರೇಟು ಮುಟ್ಟದವರಲ್ಲೂ ಮೆಟ್ಟಿಲು ಹಾಗೆಯೇ ಇತ್ತು. ಈ ಕೆಲಸವನ್ನು ಮುಂದುವರಿಸಿದ ಮೈಕೆಲ್ ಮಾರ್ಮಟ್ 1985ರಲ್ಲಿ ಶುರುವಾದ ಎರಡನೇ ಸುತ್ತಿನಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡರು. ಆಗ ಎದ್ದುಕಂಡದ್ದು ಇದು: ತನ್ನ ಕೆಲಸದ ಮೇಲೆ, ತನ್ನ ದಿನದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹೃದಯದ ಕಾಯಿಲೆ ಹೆಚ್ಚು.

ಇದರ ಹಿಂದೆ ದೇಹದೊಳಗಿನ ಕಾರಣವಿದೆ. ಹೆದರಿಕೆ, ಚಿಂತೆ, ಅವಮಾನ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುತ್ತದೆ. ಹಾವು ಕಂಡಾಗ ಓಡಲು ಇದು ಬೇಕು. ಓಡಿ ಪಾರಾದ ಮೇಲೆ ಎಲ್ಲವೂ ಇಳಿಯಬೇಕು. ಸಾಲ ಕೊಟ್ಟವನು ದಿನಾ ಬಾಗಿಲಿಗೆ ಬರುವಾಗ, ಮುಕದ್ದಮ ನಾಳೆ ಕೆಲಸಕ್ಕೆ ಕರೆಯುತ್ತಾನೋ ಇಲ್ಲವೋ ಗೊತ್ತಿಲ್ಲದಾಗ, ಮಳೆ ಹೋಗಿ ತೊಗರಿ ಒಣಗುತ್ತಿರುವಾಗ ಅದು ಇಳಿಯುವುದೇ ಇಲ್ಲ. ಹೀಗೆ ಇಪ್ಪತ್ತು, ಮೂವತ್ತು ವರ್ಷ ನಡೆದರೆ ನಾಳಗಳ ಒಳಗೋಡೆ ಸವೆಯುತ್ತದೆ, ನಿದ್ದೆ ಕೆಡುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ. ತಂಬಾಕಿಗೂ ಇದಕ್ಕೂ ನಂಟಿದೆ. ಮಧ್ಯಾಹ್ನದ ಊಟ ತಪ್ಪಿದಾಗ ಹಸಿವು ಅಡಗಿಸುವುದು ತಂಬಾಕು, ಕಲ್ಲು ಹೊರುವಾಗ ಬೇಸರ ಕಳೆಯುವುದು ತಂಬಾಕು. ಐದು ರೂಪಾಯಿಯ ಪುಡಿಕೆ ಕೊಡುವಷ್ಟು ನಿರಾಳವನ್ನು ಆ ಹೊತ್ತಿನಲ್ಲಿ ಬೇರೇನೂ ಕೊಡುತ್ತಿರಲಿಲ್ಲ. ಚಟವನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ. ಚಟವನ್ನು ಬಿಡಿಸಬೇಕಾದರೆ ಅದು ಯಾಕೆ ಹಿಡಿದುಕೊಂಡಿತು ಎಂದು ತಿಳಿಯಬೇಕು.

ನೀವು ‘ಒಂದೇ ಗಾಳಿ, ಒಂದೇ ನೀರು’ ಎಂದು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಖಣಿಯಲ್ಲಿ ಕಲ್ಲು ಕೊರೆಯುವವನು ಉಸಿರಾಡುವ ಗಾಳಿಯನ್ನು ಖಣಿಯ ಮಾಲೀಕ ಉಸಿರಾಡುವುದಿಲ್ಲ. ಕಟ್ಟಿಗೆ ಒಲೆಯ ಹೊಗೆ ನಿಮ್ಮ ತಾಯಿಯ ಎದೆಗೆ ಹೋದಷ್ಟು ಗೌಡರ ಸೊಸೆಯಂದಿರ ಎದೆಗೆ ಹೋಗಿರಲಾರದು. ಮೇ ತಿಂಗಳ 42–43 ಡಿಗ್ರಿ ಬಿಸಿಲಿನಲ್ಲಿ ಇಡೀ ದಿನ ದುಡಿಯುವವನ ಹೃದಯ, ಮೂತ್ರಪಿಂಡಗಳ ಮೇಲೆ ಬೀಳುವ ಹೊರೆ ಪಡಸಾಲೆಯಲ್ಲಿ ಕೂತವನಿಗೆ ಬೀಳುವುದಿಲ್ಲ. ನೀರಿನ ಮಾತಂತೂ ಇನ್ನೂ ಗಂಭೀರ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಗಳಿದ್ದ ಆ ಸೀಮೆಯಲ್ಲಿ, ಕುಡಿಯುವ ನೀರಿನಲ್ಲೇ ಆರ್ಸೆನಿಕ್ ವಿಷ ಇದ್ದು ಲಂಬಾಣಿ ಕುಟುಂಬಗಳ ಮೈಮೇಲೆ ಅದರ ಗುರುತುಗಳು ಎದ್ದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ನೀರು ಸಂಶಯ ಬಂದಾಗ ಕ್ಯಾನ್ ತರಿಸಿ ಕುಡಿಯುವವರು ಒಂದು ಕಡೆ, ಬೋರ್‌ವೆಲ್‌ನಲ್ಲಿ ಬಂದದ್ದನ್ನೇ ಕುಡಿಯಬೇಕಾದವರು ಇನ್ನೊಂದು ಕಡೆ.

ಜಾತಿಯ ವಿಷಯವನ್ನು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ಅದನ್ನು ಬಿಟ್ಟರೆ ನನ್ನ ಉತ್ತರ ಅಪ್ರಾಮಾಣಿಕವಾಗುತ್ತದೆ. ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶೀಷ್ ಗುಪ್ತಾ ಎಂಬ ಸಂಶೋಧಕರು ಒಂಬತ್ತು ರಾಜ್ಯಗಳ ಸುಮಾರು ಎರಡು ಕೋಟಿ ಜನರ ಮಾಹಿತಿಯಿಂದ ಜೀವಿತಾವಧಿ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಕರ್ನಾಟಕ ಅದರಲ್ಲಿ ಇಲ್ಲ, ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನದಂಥ ರಾಜ್ಯಗಳಿವೆ. ಮೇಲ್ಜಾತಿ ಹಿಂದೂಗಳಿಗೆ ಹೋಲಿಸಿದರೆ ಆದಿವಾಸಿಗಳ ಆಯುಷ್ಯ ನಾಲ್ಕು ವರ್ಷಕ್ಕೂ ಮೀರಿ ಕಡಿಮೆ, ದಲಿತರದು ಮೂರು ವರ್ಷಕ್ಕೂ ಮೀರಿ ಕಡಿಮೆ, ಮುಸ್ಲಿಮರದು ಸುಮಾರು ಒಂದು ವರ್ಷ ಕಡಿಮೆ. ಮುಖ್ಯ ವಿಷಯ ಮುಂದಿದೆ: ಆಸ್ತಿಪಾಸ್ತಿಯ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೂ ಈ ಅಂತರದ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆಯೇ ಉಳಿಯಿತು. ಒಂದೇ ಮಟ್ಟದ ಆಸ್ತಿಯಿದ್ದ ಎರಡು ಮನೆಗಳಲ್ಲೂ ಜಾತಿ ಬೇರೆಯಾದರೆ ಆಯುಷ್ಯ ಬೇರೆಯಾಗಿತ್ತು. ‘ಎಲ್ಲ ಬಡತನದ್ದೇ, ದುಡ್ಡು ಬಂದರೆ ಎಲ್ಲ ಸರಿ’ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಕೇರಿ ಎಲ್ಲಿದೆ, ನಳ ಎಲ್ಲಿಯವರೆಗೆ ಬಂದಿದೆ, ಅಂಗನವಾಡಿ ಯಾರ ಓಣಿಯಲ್ಲಿದೆ, ಆರೋಗ್ಯ ಕೇಂದ್ರದಲ್ಲಿ ಯಾರನ್ನು ಮುಟ್ಟಿ ನೋಡುತ್ತಾರೆ ಎಂಬುದೆಲ್ಲ ದುಡ್ಡಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ, ನಿಮ್ಮ ಅಪ್ಪ ಹುಟ್ಟುವುದಕ್ಕೂ ಮೊದಲಿಗೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಲ್ಲಿಯವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ದೊಡ್ಡವರಾಗಿ, ಮೈಸೂರಿನಲ್ಲೇ ಉಳಿದವರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ ನೂರಕ್ಕೆ ಮೂರೇ ಮಂದಿಗೆ. ನಡುವಯಸ್ಸು ದಾಟಿದವರ ಹೃದಯದ ಸ್ಥಿತಿಗೂ, ಅವರು ಹೊಟ್ಟೆಯಲ್ಲಿದ್ದಾಗ ತಾಯಿ ಏನು ಉಂಡಳು ಎಂಬುದಕ್ಕೂ ಸಂಬಂಧ! ನನ್ನ ವೃತ್ತಿಯಲ್ಲಿ ಓದಿದ ಸಾವಿರ ಸಂಗತಿಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಇದು. ಗರ್ಭದಲ್ಲಿ ಆಹಾರ ಸಾಲದಾದಾಗ ಮಗುವಿನ ದೇಹ ಮೆದುಳನ್ನು ಉಳಿಸಿಕೊಂಡು ಉಳಿದ ಕಡೆ ಕಡಿತ ಮಾಡುತ್ತದೆ. ಸ್ನಾಯು ಕಡಿಮೆ, ಮೂತ್ರಪಿಂಡದ ಸೋಸುವ ಘಟಕಗಳು ಕಡಿಮೆ, ಇನ್ಸುಲಿನ್ ತಯಾರಿಸುವ ಜೀವಕೋಶಗಳು ಕಡಿಮೆ. ಅವು ಆಮೇಲೆ ಪೂರ್ತಿಯಾಗಿ ತುಂಬಿಕೊಳ್ಳುವುದಿಲ್ಲ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ನೋಡಿದ ಮಕ್ಕಳು ಹುಟ್ಟುವಾಗ ಸರಾಸರಿ 2.7 ಕೆಜಿ ಮಾತ್ರ, ಆದರೆ ಆ ಸಣಕಲು ಮೈಯಲ್ಲೂ ಸ್ನಾಯುವಿಗಿಂತ ಕೊಬ್ಬಿನ ಪಾಲು ಹೆಚ್ಚು. ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಅಲ್ಲಿಂದಲೇ.

ಈಗ ನಮ್ಮ ಸೀಮೆ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಾಗಿದ್ದಾರೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿದ್ದರೆ ಯಾದಗಿರಿಯದು ಶೇ 52 ಕೂಡ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳದು ಶೇ 41. ತಾಯಿ ಓದಿದಷ್ಟೂ ಮಗು ಉಳಿಯುವ, ಬೆಳೆಯುವ ಸಂಭವ ಹೆಚ್ಚು ಎಂಬುದು ಪ್ರಪಂಚದಾದ್ಯಂತ ಮತ್ತೆ ಮತ್ತೆ ಕಂಡ ಸತ್ಯ. ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತೇವೆ, 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಆ ತೊಗರಿಯ ಕಳೆ ತೆಗೆದು, ಕೊಯ್ದು, ಬಡಿದು ಚೀಲ ತುಂಬುವ ಹೆಣ್ಣುಮಗಳ ಗಂಗಾಳದಲ್ಲಿ ಬೇಳೆ ನೀರಾಗಿರುತ್ತದೆ. ರೊಟ್ಟಿಯ ಜೊತೆ ಖಾರ, ಎಣ್ಣೆ. ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ಉಳಿದದ್ದು ಅವಳಿಗೆ. ಅವಳ ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಮುಂದೆ ಹೃದಯಾಘಾತವಾದರೆ, ‘ತಾನೇ ಸತ್ತ’ ಎನ್ನಲು ಯಾವ ನಾಲಿಗೆಗೂ ಹಕ್ಕಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಇದೆಲ್ಲ ಹಣೆಬರಹ ಎಂದು ನೀವು ಕೈಚೆಲ್ಲಬಹುದು. ಅದಕ್ಕೆ ಎದುರಾಗಿ ನಿಲ್ಲುವ ಒಂದು ಪುರಾವೆ ನಮ್ಮ ಕಲಬುರಗಿ ವಿಭಾಗದಲ್ಲೇ ಹುಟ್ಟಿತು. ಅದನ್ನು ನಮ್ಮವರೇ ಸರಿಯಾಗಿ ತಿಳಿದುಕೊಂಡಿಲ್ಲ ಎಂಬ ಬೇಸರ ನನಗಿದೆ. 2010ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಉತ್ತರ ಕರ್ನಾಟಕದಲ್ಲಿ, ಮೊದಲು ನಮ್ಮ ವಿಭಾಗದಲ್ಲಿ, ಶುರುಮಾಡಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್, ನರರೋಗದಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ. ಹಳ್ಳಿಗಾಡಿನಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ದೊಡ್ಡ ಆಸ್ಪತ್ರೆಗಳಿಗೆ ಕಳುಹಿಸುತ್ತಿದ್ದರು. ದಕ್ಷಿಣದ ಜಿಲ್ಲೆಗಳಿಗೆ ಯೋಜನೆ ಆಗ ಇನ್ನೂ ಹೋಗಿರಲಿಲ್ಲ. ಹೀಗಾಗಿ ಯೋಜನೆಯ ಗಡಿಯ ಆಚೆ ಈಚೆ ಒಂದೇ ತರಹದ ಹಳ್ಳಿಗಳಿದ್ದವು: ಒಂದು ಕಡೆಯವರಿಗೆ ಸೌಲಭ್ಯ ಉಂಟು, ಇನ್ನೊಂದು ಕಡೆಯವರಿಗೆ ಇಲ್ಲ. ನೀರಜ್ ಸೂದ್, ಬೆಂಗಳೂರು ಐಐಎಂನ ಅರ್ನಬ್ ಮುಖರ್ಜಿ ಮತ್ತಿತರರು ಇಂಥ 572 ಹಳ್ಳಿಗಳನ್ನು ಹೋಲಿಸಿದರು. ಯೋಜನೆ ಇದ್ದ ಕಡೆ ಬಿಪಿಎಲ್ ಮನೆಗಳಲ್ಲಿ ಈ ಕಾಯಿಲೆಗಳಿಂದಾದ ಸಾವು ಶೇ 0.32, ಇಲ್ಲದ ಕಡೆ ಶೇ 0.90. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ದುಡ್ಡೂ ಮೂರನೇ ಒಂದರಷ್ಟು ಕಡಿಮೆಯಾಗಿತ್ತು. 2014ರಲ್ಲಿ ಇದು ಪ್ರಕಟವಾಯಿತು. ಜಾತಿ ಬದಲಾಗಿರಲಿಲ್ಲ, ಹೊಲ ಬಂದಿರಲಿಲ್ಲ, ಹುಟ್ಟಿದಾಗಿನ ತೂಕ ಬದಲಾಗಿರಲಿಲ್ಲ. ಒಂದು ಕಾರ್ಡ್, ಒಂದು ಶಿಬಿರ, ಬಾಗಿಲು ತೆರೆದ ಒಂದು ಆಸ್ಪತ್ರೆ, ಇಷ್ಟೇ ಬದಲಾದದ್ದು. ಮುಂದೆ 2018ರಲ್ಲಿ ಈ ಯೋಜನೆ ಆರೋಗ್ಯ ಕರ್ನಾಟಕದಲ್ಲಿ, ಆಮೇಲೆ ಆಯುಷ್ಮಾನ್ ಭಾರತ್ ಜೊತೆ ಸೇರಿಹೋಯಿತು.

ಊಟದ ಮಟ್ಟಿಗೂ ಇಂಥದ್ದೇ ಪುರಾವೆ ಇದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ತಂಡ 2019ರಿಂದ 2022ರವರೆಗೆ ಝಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ 5 ಕೆಜಿ ಧಾನ್ಯ, ಒಂದೂವರೆ ಕೆಜಿ ಬೇಳೆ ಮತ್ತು ಜೀವಸತ್ವದ ಮಾತ್ರೆ ಕೊಟ್ಟಿತು. ಕೊಡದ ಮನೆಗಳಿಗೆ ಹೋಲಿಸಿದರೆ ಹೊಸದಾಗಿ ಕ್ಷಯ ಅಂಟಿದವರ ಸಂಖ್ಯೆ ಶೇ 39ರಷ್ಟು ಇಳಿಯಿತು. ಒಂದೂವರೆ ಕೆಜಿ ಬೇಳೆ! ನಮ್ಮ ಜಿಲ್ಲೆ ದೇಶಕ್ಕೆಲ್ಲ ಕಳುಹಿಸುವ ಸರಕು ಅದು. 2021ರ ಕೊನೆಯಲ್ಲಿ ಯಾದಗಿರಿ, ಕಲಬುರಗಿ, ಬೀದರ್ ಸೇರಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದಿದ್ದ ಗದಗಿನ ಮಕ್ಕಳಿಗೆ ಹೋಲಿಸಿ ನೋಡಿದಾಗ ಯಾದಗಿರಿಯವರು ಹೆಚ್ಚು ತೂಕ ಗಳಿಸಿದ್ದರು. ಗದ್ದಲ ಮಾಡಿದವರಲ್ಲಿ ಯಾರ ಮಕ್ಕಳೂ ಕುಳ್ಳಗಾಗಿರಲಿಲ್ಲ ಎಂದೇ ನನ್ನ ಭಾವನೆ.

ಸರಕಾರದ ಮೇಲೂ ಒಂದು ಮಾತು. ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು, ಅರ್ಧಕ್ಕಿಂತ ಹೆಚ್ಚು ನಮ್ಮ ವಿಭಾಗದವು. ಹತ್ತು ವರ್ಷದ ಮೇಲೆ 371(ಜೆ) ಬಂತು. ಅದರಿಂದ ನಿಮ್ಮಂಥವರಿಗೆ ಸೀಟು, ನೌಕರಿ ಸಿಕ್ಕಿತು, ಅದು ಸಣ್ಣ ಮಾತಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ 371 ಹಾಸಿಗೆಗಳ ಹೊಸ ಕಟ್ಟಡವೂ ಬಂತು. ಹೈದರಾಬಾದ್, ಸೊಲ್ಲಾಪುರಕ್ಕೆ ಓಡುವುದು ತಪ್ಪಿತು. ಆದರೆ ನಿಮ್ಮ ಅಪ್ಪನ ವಿಷಯ ತೀರ್ಮಾನವಾದದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ, ಹಳ್ಳಿಯಲ್ಲಿ, ರಾತ್ರಿಯ ಮೊದಲ ಎರಡು ತಾಸಿನಲ್ಲಿ. ದುಡ್ಡು ಮೊದಲು ಹೋಗಬೇಕಾದದ್ದು ಅಲ್ಲಿಗೆ: ರಾತ್ರಿ ತೆರೆದಿರುವ ಆರೋಗ್ಯ ಕೇಂದ್ರಕ್ಕೆ, ಇಸಿಜಿ ಮಾಡಬಲ್ಲ ನರ್ಸ್‌ಗೆ, ಗರ್ಭಿಣಿಯ ಊಟಕ್ಕೆ.

ಈಗ ನಿಮ್ಮ ವಿಷಯ. ಪಾರಾದಿರಾ ಎಂದರೆ, ಅರ್ಧ ಪಾರಾಗಿದ್ದೀರಿ. ಓದು, ಕಾಯಂ ಸಂಬಳ, ರಜೆ, ನಾಳಿನ ಚಿಂತೆ ಇಲ್ಲದ ನಿದ್ದೆ, ಇವೆಲ್ಲ ನಿಜವಾಗಿಯೂ ಆಯುಷ್ಯ ಕೂಡಿಸುತ್ತವೆ. ಆದರೆ ಗರ್ಭದಲ್ಲಿ, ಬಾಲ್ಯದಲ್ಲಿ ಕೊರತೆ ಕಂಡ ದೇಹಕ್ಕೆ ದೊಡ್ಡವರಾದ ಮೇಲೆ ಒಮ್ಮೆಲೇ ಬರುವ ತೂಕ ಅಪಾಯಕಾರಿ. ದೆಹಲಿಯಲ್ಲಿ ಹುಟ್ಟಿನಿಂದ ಗಮನಿಸುತ್ತಾ ಬಂದ ಮಕ್ಕಳಲ್ಲಿ ಇದು ಕಂಡಿತು: ಎಳವೆಯಲ್ಲಿ ಸಣಕಲಾಗಿದ್ದು, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡವರಿಗೇ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು. ನೌಕರಿ ಸಿಕ್ಕ ಮೊದಲ ಐದು ವರ್ಷದಲ್ಲಿ ನಮ್ಮ ಹುಡುಗರ ಹೊಟ್ಟೆ ಮುಂದೆ ಬರುವುದನ್ನು ಮನೆಯವರು ಸುಖ ಎಂದು ನೋಡುತ್ತಾರೆ. ನಿಮಗೆ ಅದು ಬೇಡ. ಸೊಂಟದ ಸುತ್ತಳತೆ 90 ಸೆಂ.ಮೀ. ದಾಟದಿರಲಿ. ತಂದೆಗೆ 55ರೊಳಗೆ ಹೃದಯಾಘಾತವಾದ ಮಕ್ಕಳನ್ನು ನಾವು ಹೆಚ್ಚಿನ ಅಪಾಯದವರು ಎಂದೇ ಎಣಿಸುತ್ತೇವೆ. ಆದ್ದರಿಂದ ನಲವತ್ತರವರೆಗೆ ಕಾಯದೆ ಈ ತಿಂಗಳೇ ಬಿಪಿ, ಖಾಲಿಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಮೂರೂ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ತಂಬಾಕು, ಗುಟ್ಕಾ ಇದ್ದರೆ ಬಿಡಿ. ಅಪ್ಪನಿಗೆ ಸಿಗದ ಬಿಡುವು ನಿಮಗೆ ಸಿಕ್ಕಿದೆ.

ತಂಗಿಯ ವಿಷಯದಲ್ಲಿ ಹೆದರಬೇಡಿ, ಇನ್ನೂ ನಾಲ್ಕು ತಿಂಗಳು ಕೈಯಲ್ಲಿದೆ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಾಯಿ ಕಾರ್ಡಿನಲ್ಲಿ ನೋಡಿ. 11ಕ್ಕಿಂತ ಕಡಿಮೆ ಇದ್ದರೆ ದಿನಾ ಒಂದು ಕಬ್ಬಿಣದ ಮಾತ್ರೆ ಸಾಲದು, ಆರೋಗ್ಯ ಕೇಂದ್ರದಲ್ಲಿ ಕೇಳಲೇಬೇಕು. ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಅದು ರಕ್ತಕ್ಕೆ ಸೇರುವುದು ಕಡಿಮೆ, ಊಟವಾಗಿ ಎರಡು ತಾಸಿನ ಮೇಲೆ ನೀರಿನಲ್ಲಿ ನುಂಗಲಿ. ಅಂಗನವಾಡಿಯ ಮಾತೃಪೂರ್ಣ ಊಟ ಅವಳ ಹಕ್ಕು. ಸಂಕೋಚಕ್ಕೋ, ಅತ್ತೆ ಮನೆಯವರ ಮಾತಿಗೋ ಬಿಡಬಾರದು. ಮನೆಯಲ್ಲಿ ಅವಳಿಗೆ ಗಟ್ಟಿ ಬೇಳೆ, ತಪ್ಪಲು ಪಲ್ಯ, ತಿನ್ನುವವರಾದರೆ ಮೊಟ್ಟೆ, ಎಲ್ಲರಿಗಿಂತ ಮೊದಲು ಬಡಿಸಿ. ಸಕ್ಕರೆಯ ಪರೀಕ್ಷೆ ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ಹಲ್ಲಿಗೆ ಮಿಶ್ರಿ ತಿಕ್ಕುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಲಿ, ಅದೂ ತಂಬಾಕೇ, ಮಗುವಿನ ತೂಕ ಇಳಿಸುತ್ತದೆ. ಕೊನೆಯ ತಿಂಗಳುಗಳಲ್ಲಿ ಹೊಲದ ಕೆಲಸಕ್ಕೆ ಕಳುಹಿಸದಿರಲು ನಿಮ್ಮ ಸಂಬಳದಿಂದ ಆ ಮನೆಗೆ ಅಷ್ಟು ನೆರವಾಗಲು ಸಾಧ್ಯವಾದರೆ, ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ತಾಯಿಯ ಬಗ್ಗೆ ನೀವು ಏನೂ ಬರೆದಿಲ್ಲ. ಅವರ ಬಿಪಿ ಎಂದಾದರೂ ನೋಡಿಸಿದ್ದೀರಾ? ಐವತ್ತರ ಆಸುಪಾಸಿನ ಹೆಂಗಸರು ತಾವಾಗಿ ದವಾಖಾನೆಗೆ ಬರುವುದೇ ಇಲ್ಲ, ಬಂದರೂ ಮೊಮ್ಮಗುವಿನ ಕೆಮ್ಮಿಗೆ ಬರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಮತ್ತು ಮಾತ್ರೆ ಉಚಿತ. ನೌಕರರ ಅವಲಂಬಿತರಿಗೆ ಸಿಗುವ ವೈದ್ಯಕೀಯ ಸೌಲಭ್ಯದಲ್ಲಿ ಅವರ ಹೆಸರು ಸೇರಿಸಲು ಬರುತ್ತದೆಯೇ ಎಂದು ನಿಮ್ಮ ಇಲಾಖೆಯಲ್ಲಿ ವಿಚಾರಿಸಿ. ಇನ್ನೊಂದು ಸಂಗತಿಯನ್ನು ಓಣಿಯವರಿಗೆಲ್ಲ ತಿಳಿಸಿ. ಎದೆ ಬಿಗಿದು, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ 108ಕ್ಕೆ ಫೋನ್ ಮಾಡಿ ನೇರ ಚಿತ್ತಾಪುರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಕಲಬುರಗಿಗೆ ಗಾಡಿ ಸಿಗಲಿ ಎಂದು ಬೆಳಗಿನವರೆಗೆ ಕಾಯಬಾರದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅದನ್ನು ಹೃದ್ರೋಗ ತಜ್ಞರಿಗೆ ಕಳುಹಿಸಿ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಹೊರಗೆ ಆ ಇಂಜೆಕ್ಷನ್‌ಗೆ ಸಾವಿರಾರು ರೂಪಾಯಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಈಗ ಲಭ್ಯ ಇದೆಯೇ, ರಾತ್ರಿ ಪಾಳಿಯಲ್ಲಿ ಇಸಿಜಿ ಮಾಡುವವರು ಯಾರು ಎಂದು ಒಂದು ದಿನ ಹೋಗಿ ಕೇಳಿಕೊಂಡು ಬನ್ನಿ, ಇಲ್ಲ ಎಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ.